ಗಿರಿಜತ್ತೆಯ ಇಡ್ಲಿ ತಟ್ಟೆ

ಗಿರಿಜತ್ತೆಯ ತುರುಬಿನಲ್ಲಿ ಸದಾ ಒಂದು ಟೆಸ್ಟರ್ ಇರುತ್ತಿತ್ತು. ಕನಕಾಂಬರ ಮುಡಿದ ದಿನ ಹೂವಿನ ಪಕ್ಕದಲ್ಲಿ, ಮುಡಿಯದ ದಿನ ಹೂವಿನ ಜಾಗದಲ್ಲಿ. ಹಳದಿ ಹಿಡಿಯ, ಬೆರಳುದ್ದದ ಆ ಸ್ಕ್ರೂಡ್ರೈವರನ್ನು ಅವಳು ಮದುವೆ ಮನೆಗೆ ಹೋಗುವಾಗಲೂ ತೆಗೆದಿಡುತ್ತಿರಲಿಲ್ಲ. ಒಮ್ಮೆ ನೆಂಟರ ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಮೈಕು ಕುಂಯ್ ಎಂದು ಕಿರುಚಿಕೊಳ್ಳತೊಡಗಿತು. ಗಿರಿಜತ್ತೆ ಕೈಯಲ್ಲಿದ್ದ ಅಕ್ಷತೆಯನ್ನು ನನ್ನ ಬೊಗಸೆಗೆ ಸುರಿದು, ತಲೆಗೆ ಕೈ ಹಾಕಿ ಟೆಸ್ಟರ್ ಎಳೆದುಕೊಂಡು, ಮೈಕ್‌ಸೆಟ್ಟಿನವನ ಕಡೆಗೆ ಹೊರಟೇಬಿಟ್ಟಳು. ತಾಳಿ ಕಟ್ಟಿದ್ದನ್ನು ಅವಳು ನೋಡಲಿಲ್ಲ. ಗಟ್ಟಿಮೇಳ ಮಾತ್ರ ಬೀದಿಯ ಕೊನೆಯವರೆಗೂ ಸ್ಪಷ್ಟವಾಗಿ ಕೇಳಿಸಿತು.

"ಮದುವೆ ಯಾರು ಬೇಕಾದ್ರೂ ನೋಡ್ತಾರೆ ಕಣೇ. ಆಂಪ್ಲಿಫೈಯರ್ ಒಳಗೆ ನೋಡೋ ಭಾಗ್ಯ ಎಲ್ರಿಗೂ ಸಿಗುತ್ತಾ?" ಎಂದು ಊಟದ ಪಂಕ್ತಿಯಲ್ಲಿ ಹೋಳಿಗೆ ಮುರಿಯುತ್ತಾ ಕೇಳಿದ್ದಳು.

ಅವಳು ನಮ್ಮ ಅಪ್ಪನ ತಂಗಿ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ರುದ್ರಪ್ಪ ಮಾವನನ್ನು ಮದುವೆಯಾಗಿ ಅಲ್ಲಿಯ ಕ್ವಾರ್ಟರ್ಸ್ ಸೇರಿದ್ದಳು. ಶಿವಮೊಗ್ಗದ ರವೀಂದ್ರನಗರದಲ್ಲಿದ್ದ ನಮ್ಮ ಮನೆಯಿಂದ ಬಸ್ಸು ಹತ್ತಿದರೆ ಕಾಫಿ ಆರುವುದರೊಳಗೆ ಅವಳ ಮನೆ ಎಂದು ಅವಳೇ ಹೇಳುತ್ತಿದ್ದಳು. ಅದು ಸುಳ್ಳು. ಆದರೆ ಅವಳು ಹೇಳಿದರೆ ನಂಬುವಂತಿರುತ್ತಿತ್ತು. ಎತ್ತರದ ಆಳು, ದೊಡ್ಡ ದನಿ, ನಕ್ಕರೆ ಪಕ್ಕದ ಮನೆಯ ಸೆಲ್ವಿ ಏನಾಯಿತೋ ಎಂದು ಓಡಿ ಬರುವಂಥ ನಗು. ಮಕ್ಕಳಿರಲಿಲ್ಲ. ಅದನ್ನು ಯಾರಾದರೂ ಎತ್ತಿ ಆಡಿದರೆ, "ನನಗೆ ಪುರುಸೊತ್ತೆಲ್ಲಿದೆ?" ಎಂದು ಎದುರಿಗಿದ್ದ ಮಿಕ್ಸಿಯನ್ನು ಮಗುಚಿ ಹಾಕಿಕೊಳ್ಳುತ್ತಿದ್ದಳು.

ಅವಳು ಈ ವಿದ್ಯೆ ಕಲಿತ ಬಗೆಯೇ ಒಂದು ಕಥೆ. ಮದುವೆಯಾದ ಹೊಸದರಲ್ಲಿ ಅವರ ರೇಡಿಯೋ ಕೆಟ್ಟಿತು. ಮಾವ ಅದನ್ನು ಬಜಾರಿನ ಖಾದರ್ ಸಾಬರ ಅಂಗಡಿಗೆ ಕೊಟ್ಟು ಬಂದರು. ಸಾಬರು "ನಾಳೆ ಬನ್ನಿ" ಎನ್ನುತ್ತಲೇ ಹೋದರು. ಗಿರಿಜತ್ತೆಗೆ ರೇಗಿಹೋಯಿತು. ಮಧ್ಯಾಹ್ನ ಊಟ ಮುಗಿಸಿದ್ದೇ ಅಂಗಡಿಗೆ ಹೋಗಿ ಸ್ಟೂಲು ಎಳೆದುಕೊಂಡು ಕೂತಳು. ದಿನಾ ಕೂತಳು. ಸುಮ್ಮನೆ ಕೂರುವ ಹೆಂಗಸಲ್ಲವಲ್ಲ, "ಅದೇನ್ರೀ ಕೆಂಪಗಿರೋದು? ಇದ್ಯಾಕ್ರೀ ಬಿಸಿಯಾಗುತ್ತೆ? ಆ ಹೊಗೆ ಎಲ್ಲಿಂದ ಬರ್ತಿದೆ?" ಎಂದು ಕೇಳಿದಳು. ಕೊನೆಗೆ ಸಾಬರು ಕೈ ಮುಗಿದು, "ಅಮ್ಮಾ, ರೇಡಿಯೋನಾದ್ರೂ ತಗೊಂಡು ಹೋಗ್ಬಿಡಿ, ಇಲ್ಲಾಂದ್ರೆ ಅಂಗಡಿನೇ ತಗೊಂಡುಬಿಡಿ" ಎಂದರಂತೆ. ರೇಡಿಯೋ ಮನೆಗೆ ಬರುವಷ್ಟರಲ್ಲಿ ಬೆಸುಗೆ ಹಾಕುವುದು ಅವಳಿಗೆ ಬಂದಿತ್ತು. ಮುಂದೆ ಸಾಬರೇ ತಮಗೆ ಬೇಸರ ಹುಟ್ಟಿಸಿದ ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳನ್ನು ಅವಳ ಮನೆಗೆ ಕಳಿಸತೊಡಗಿದರು.

"ಮನುಷ್ಯ ಜೋಡಿಸಿದ್ದನ್ನ ಮನುಷ್ಯ ಬಿಚ್ಚಬಹುದು. ಒಳಗೇನು ದೇವರು ಕೂತಿರಲ್ಲ" ಎನ್ನುವುದು ಅವಳ ನಂಬಿಕೆ. ಬಿಚ್ಚುವುದರಲ್ಲಿ ಅವಳು ಎಂದೂ ಸೋತವಳಲ್ಲ. ಜೋಡಿಸುವ ವಿಷಯದಲ್ಲಿ ಮಾತ್ರ ಹಾಗೆ ಹೇಳಲು ಬರುವುದಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ನಡುಮನೆಯ ಗೋಡೆ ಗಡಿಯಾರ ನಿಂತುಹೋಯಿತು. ಹಬ್ಬಕ್ಕೆ ಬಂದಿದ್ದ ಅತ್ತೆ ಅದನ್ನು ಬಿಚ್ಚಿ, ಒರೆಸಿ, ಸೇರಿಸಿ, ಗೋಡೆಗೆ ತಗುಲಿಹಾಕಿದಳು. ಗಡಿಯಾರ ಟಿಕ್ ಟಿಕ್ ಎಂದಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಸ್ವಲ್ಪ ಹೊತ್ತಿನ ಮೇಲೆ ಅಪ್ಪ ತಲೆ ಓರೆ ಮಾಡಿ ನೋಡಿ, "ಗಿರಿಜಾ, ಇದು ಹಿಂದಕ್ಕೆ ಓಡ್ತಿದೆಯಲ್ಲೇ?" ಎಂದರು.

ನಿಜ. ಮುಳ್ಳುಗಳು ಶ್ರದ್ಧೆಯಿಂದ, ಒಂದೇ ಸಮನೆ, ಹಿಂದಕ್ಕೆ ತಿರುಗುತ್ತಿದ್ದವು. ಒಳಗಿನ ಯಾವುದೋ ಚೂರನ್ನು ಅವಳು ತಲೆಕೆಳಗಾಗಿ ಕೂರಿಸಿದ್ದಳು. ಅತ್ತೆ ಕಕ್ಕಾಬಿಕ್ಕಿಯಾಗಲಿಲ್ಲ. ಎದುರು ಗೋಡೆಗೆ ಕನ್ನಡಿ ತೂಗುಹಾಕಿ, "ಈಗ ಕನ್ನಡೀಲಿ ನೋಡು, ಸರಿಯಾಗಿ ಓಡ್ತಿದೆ" ಎಂದಳು. ಮುಂದಿನ ಸಲ ಅವಳು ಬಂದು ಸರಿಮಾಡುವವರೆಗೆ ನಮ್ಮ ಮನೆಯವರೆಲ್ಲ ಕನ್ನಡಿಗೆ ಮುಖ ಮಾಡಿ ಗಂಟೆ ಹೇಳುತ್ತಿದ್ದೆವು.

ನನ್ನನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಇಂಥವಳನ್ನು ಮನೆಗೆ ಕರೆಯಬೇಕೋ ಬೇಡವೋ ಎಂದು ಅಮ್ಮ ಯೋಚಿಸಿದ್ದರು. ಕರೆಯದಿದ್ದರೂ ಬರುತ್ತಾಳೆಂದು ಕರೆದರು. ಎರಡು ಸಾವಿರದ ಐದರ ಆಸುಪಾಸು. ಆಯನೂರಿನ ಹುಡುಗ, ಹೆಸರು ಮಹೇಶ, ಶಿವಮೊಗ್ಗದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾನೆ ಎಂದಷ್ಟೇ ನನಗೆ ಗೊತ್ತಿತ್ತು. ಅದಕ್ಕೂ ಹಿಂದೆ ಬಂದು ಹೋದ ಎರಡು ಕಡೆಯವರು ಉಪ್ಪಿಟ್ಟು ತಿಂದು "ತಿಳಿಸ್ತೀವಿ" ಎಂದವರು ತಿಳಿಸಿಯೇ ಇರಲಿಲ್ಲ. ಇದಾದರೂ ಕೂಡಿ ಬರಲಿ ಎಂದು ಅಮ್ಮ ಹರಸಿಕೊಂಡಿದ್ದರು. "ಅತ್ತಿಗೆ, ನಾನು ಕೇಸರಿಬಾತ್ ಬಿಟ್ಟು ಬೇರೆ ಏನನ್ನೂ ಮುಟ್ಟಲ್ಲ" ಎಂದು ಅತ್ತೆ ಒಲೆಯ ಮುಂದೆ ನಿಂತು ಆಣೆ ಮಾಡಿದಳು.

ಭಾನುವಾರ ಮಧ್ಯಾಹ್ನ ಅವರು ಬಾಡಿಗೆ ವ್ಯಾನಿನಲ್ಲಿ ಬಂದರು. ಮಹೇಶ, ಅವನ ತಾಯಿ, ಮತ್ತು ಗರಿಗರಿ ಬಿಳಿ ಜುಬ್ಬಾದ ಅವನ ದೊಡ್ಡಪ್ಪ. ಮಹೇಶನ ಹೆಗಲಲ್ಲಿ ಒಂದು ಕಪ್ಪು ಬ್ಯಾಗಿತ್ತು. ಸೀರೆಯೋ ಸಿಹಿಯೋ ಇರಬೇಕೆಂದು ನಾವು ತಿಳಿದುಕೊಂಡೆವು. ನಾನು ತಟ್ಟೆ ಹಿಡಿದು ಹೊರಗೆ ಬಂದೆ. ಹುಡುಗ ತಲೆಯೆತ್ತಿ ಮೊದಲ ಮಾತಾಡಿದ:

"ಇಲ್ಲಿ ಎಲ್ಲಾದ್ರೂ ಪ್ಲಗ್ ಪಾಯಿಂಟ್ ಇದ್ಯಾ?"

ಬ್ಯಾಗಿನಿಂದ ಲ್ಯಾಪ್‌ಟಾಪು ಹೊರಬಂತು. ನಮ್ಮ ಬೀದಿಯಲ್ಲಿ ಆಗ ಅದು ಅಪರೂಪದ ವಸ್ತು. ಚಾರ್ಜರ್ ಚುಚ್ಚಿ, ವೈರನ್ನು ಒಂದು ಕಡೆಗೆ ಬಾಗಿಸಿ ಮೊಣಕಾಲಿನಿಂದ ಒತ್ತಿ ಹಿಡಿದುಕೊಂಡು, ಅದರ ಅಂಚಿನಲ್ಲಿ ಬರಬೇಕಾಗಿದ್ದ ಪುಟ್ಟ ದೀಪವನ್ನೇ ನೋಡುತ್ತಾ ಕೂತ. ದೀಪ ಬರಲಿಲ್ಲ. ನಾನು ಎದುರಿಗೆ ಕೂತೆ. ನನ್ನ ಕಡೆ ನೋಡಲಿಲ್ಲ. ಅಮ್ಮನ ಮುಖ ಸಪ್ಪಗಾಯಿತು.

ಅಡುಗೆಮನೆಯ ಬಾಗಿಲಿನಿಂದ ಗಿರಿಜತ್ತೆ ಹೇಳಿದಳು: "ಅಣ್ಣಾ, ಹುಡುಗ ಹುಡುಗೀನ ನೋಡ್ತಿಲ್ಲ. ದೀಪ ನೋಡ್ತಿದಾನೆ."

ಮಹೇಶ ಬೆವರಿ ಹೋಗಿದ್ದ. ತಡವರಿಸುತ್ತಾ ವಿಷಯ ಹೇಳಿದ. ಗಾಜನೂರಿನಲ್ಲಿ ಒಂದು ಮದುವೆಯ ಫೋಟೋ ತೆಗೆದಿದ್ದ. ಮದುಮಗ ಸೈನಿಕ. ರಜೆ ಮುಗಿದು ಆ ಸಂಜೆಯ ರೈಲಿಗೇ ಹೊರಟಿದ್ದ, ಹೆಂಡತಿ ಬೆಂಗಳೂರಿನ ತನಕ ಕಳಿಸಿಕೊಡಲು ಹೋಗುವವಳಿದ್ದಳು. ಅಲ್ಲಿಂದ ಅವನು ಗಡಿಗೆ. ಮತ್ತೆ ಯಾವಾಗ ಊರಿಗೋ ಗೊತ್ತಿಲ್ಲ. ಫೋಟೋಗಳ ಸಿ.ಡಿ. ಕೈಗಿಡುತ್ತೇನೆಂದು ಮಹೇಶ ಮಾತು ಕೊಟ್ಟಿದ್ದ. ಫೋಟೋಗಳೆಲ್ಲ ಈ ಹಳೆಯ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿದ್ದವು. ಬೆಳಗ್ಗೆಯಿಂದ ಕರೆಂಟೇ ಒಳಗೆ ಹೋಗುತ್ತಿಲ್ಲ. ಭಾನುವಾರ, ರಿಪೇರಿ ಅಂಗಡಿಗಳೆಲ್ಲ ಬಾಗಿಲು ಹಾಕಿವೆ.

"ಈ ಚಾರ್ಜರ್ ಚುಚ್ಚೋ ತೂತು ಸಡಿಲ ಆಗಿದೆ ರೀ. ಇಷ್ಟು ದಿನ ಒತ್ತಿ ಹಿಡ್ಕೊಂಡ್ರೆ ಬರ್ತಿತ್ತು..." ಎಂದ. ಅವನ ದನಿ ಅಳುವಂತಿತ್ತು. ಆಗ ಮೊದಲ ಸಲ ನನಗೆ ಅವನು ಇಷ್ಟವಾದ.

ಗಿರಿಜತ್ತೆ ಸೌಟು ಕೆಳಗಿಟ್ಟಳು. "ಕೊಡಿ ಇಲ್ಲಿ."

"ಗಿರಿಜಾ!" ಎಂದರು ಅಪ್ಪ.

"ಗಿರಿಜಾ, ಕೇಸರಿಬಾತ್..." ಎಂದರು ಅಮ್ಮ.

"ಕೇಸರಿಬಾತ್ ಆಯ್ತು. ಅತ್ತಿಗೆ, ಇಡ್ಲಿ ಸ್ಟ್ಯಾಂಡ್ ಕೊಡಿ, ಒಂದು ಹಳೇ ಪಂಚೆ ಕೊಡಿ."

ಅಂಥ ಯಂತ್ರವನ್ನು ಅವಳು ಅದುವರೆಗೆ ಮುಟ್ಟಿಯೂ ಇರಲಿಲ್ಲ. ನನಗದು ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಇಬ್ಬರೂ ಬಾಯಿಬಿಡಲಿಲ್ಲ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪನ್ನು ಬೋರಲು ಹಾಕಿ, ಮೊದಲು ಬ್ಯಾಟರಿ ಕಳಚಿದಳು. ಪಂಚೆಯನ್ನು ಹರಿದು ಇಡ್ಲಿ ತಟ್ಟೆಯ ಪ್ರತಿ ಗುಳಿಗೂ ಒಂದೊಂದು ತುಂಡು ಹಾಸಿದಳು, ಆವಿಯ ತೂತುಗಳಲ್ಲಿ ಸ್ಕ್ರೂ ಉದುರಿ ಹೋಗಬಾರದಲ್ಲ. ಬಿಚ್ಚಿದ ಸರದಿಯಂತೆ ಒಂದೊಂದು ಜಾಗದ ಸ್ಕ್ರೂ ಒಂದೊಂದು ಗುಳಿಗೆ. ಕೀಲಿಮಣೆಯನ್ನು ಎತ್ತಿದಳು. ಅದರ ಅಡಿಯಲ್ಲಿ ರಿಬ್ಬನ್ನಿನಂಥ ಒಂದು ತೆಳು ಪಟ್ಟಿ ಕಂಡಿತು. ಅದನ್ನು ಜಗ್ಗಲು ಹೋದಾಗ ಮಹೇಶ "ಅಯ್ಯೋ!" ಎಂದು ಕೂಗಿದ. ಅತ್ತೆ ಕೈ ಹಿಂದೆಗೆದು ಬಗ್ಗಿ ನೋಡಿದಳು. ಆಮೇಲೆ ಅದಕ್ಕೊಂದು ಪುಟ್ಟ ಚಿಲಕವಿರುವುದು ಕಂಡು, ಉಗುರಿನಿಂದ ಎಬ್ಬಿಸಿ, ಮಲಗಿದ ಮಗುವಿನ ಕೆಳಗಿನಿಂದ ಬಟ್ಟೆ ತೆಗೆಯುವಂತೆ ಮೆಲ್ಲಗೆ ಬಿಡಿಸಿದಳು. ಫ್ಯಾನಿನ ವೈರು, ಕರಿ ಬಿಳಿ ಎರಡು ಕೂದಲೆಳೆಯಂಥ ವೈರು, ಹಾಳೆಯಂಥ ಮೇಲು ಹೊದಿಕೆ ಎಲ್ಲ ಕಳಚಿದ ಮೇಲೆ ಹಸಿರು ಹಲಗೆಯೊಂದು ಹೊರಬಂತು. ಅದರ ಮೂಲೆಯಲ್ಲಿ ಚಾರ್ಜರ್ ಚುಚ್ಚುವ ತೂತು. ಅತ್ತೆ ಟೆಸ್ಟರಿನ ತುದಿಯಿಂದ ಮುಟ್ಟಿದಳು. ಅದು ಸಡಿಲ ಹಲ್ಲಿನಂತೆ ಅಲ್ಲಾಡಿತು.

"ಬೆಸುಗೆ ಬಿಟ್ಟಿದೆ, ಅಷ್ಟೇ!" ಎಂದು ಮನೆ ಹಾರಿಹೋಗುವಂತೆ ನಕ್ಕಳು. "ಕಾದ ಕಡ್ಡಿ ಮುಟ್ಟಿಸಿದ್ರೆ ಆಯ್ತು."

"ಸರಿ, ಮುಟ್ಟಿಸಿ" ಎಂದರು ಮಹೇಶನ ತಾಯಿ. ಅವರಿಗೂ ಅಷ್ಟರಲ್ಲಿ ಹುಮ್ಮಸ್ಸು ಬಂದಿತ್ತು.

ಅತ್ತೆಯ ನಗು ನಿಂತಿತು. "ಬೆಸುಗೆ ಕಡ್ಡಿ ಭದ್ರಾವತೀಲಿದೆ."

ಮೇಜಿನ ಮೇಲೆ ಲ್ಯಾಪ್‌ಟಾಪು ಎಂಬುದೇ ಇರಲಿಲ್ಲ, ಬರೀ ಚೂರುಗಳಿದ್ದವು. ದೊಡ್ಡಪ್ಪ ಎದ್ದು ನಿಂತರು. "ನಾವು ಹೆಣ್ಣು ನೋಡೋಕೆ ಬಂದ್ವೋ, ರಿಪೇರಿಗೆ ಬಂದ್ವೋ?"

"ಎರಡಕ್ಕೂ ಯಜಮಾನ್ರೇ" ಎಂದಳು ಅತ್ತೆ. "ರೈಲು ಭದ್ರಾವತಿ ಮೇಲೇ ಹೋಗ್ಬೇಕಲ್ಲ? ನಮ್ಮೂರ್ ಸ್ಟೇಷನ್ನಲ್ಲಿ ನಿಲ್ಲುತ್ತೆ. ಅಲ್ಲೇ ಕೊಟ್ಟರಾಯ್ತು. ನಿಮ್ಮ ವ್ಯಾನ್ ಹೊರಡಿಸಿ."

ಹೀಗೆ ನನ್ನ ಹೆಣ್ಣು ನೋಡುವ ಶಾಸ್ತ್ರ ಅರ್ಧಕ್ಕೆ ಎದ್ದು ವ್ಯಾನು ಹತ್ತಿತು. ಮುಂದೆ ಅಪ್ಪ. ನಡುವೆ ಅಮ್ಮ, ಮಹೇಶನ ತಾಯಿ, ಮತ್ತು ಹಸಿರು ಹಲಗೆಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡ ಅತ್ತೆ. ದೊಡ್ಡಪ್ಪನ ತೊಡೆಯ ಮೇಲೆ ಲ್ಯಾಪ್‌ಟಾಪಿನ ಪರದೆ. ಹಿಂದಿನ ಸೀಟಿನಲ್ಲಿ ಇಡ್ಲಿ ಸ್ಟ್ಯಾಂಡು, ಅದನ್ನು ಆ ಕಡೆಯಿಂದ ಮಹೇಶ, ಈ ಕಡೆಯಿಂದ ನಾನು ಹಿಡಿದುಕೊಂಡು ಕೂತಿದ್ದೆವು. "ಒಂದು ಸ್ಕ್ರೂ ಗುಳಿಯಿಂದ ಗುಳಿಗೆ ಹಾರಿದ್ರೂ ನನ್ನ ಹತ್ರ ಮಾತಾಡ್ಬೇಡಿ" ಎಂದು ಅತ್ತೆ ನಮ್ಮಿಬ್ಬರಿಗೂ ತಾಕೀತು ಮಾಡಿದ್ದಳು.

ರಸ್ತೆಯಲ್ಲಿ ಹಂಪು ಬಂದಾಗಲೆಲ್ಲ ನಾವಿಬ್ಬರೂ ಒಟ್ಟಿಗೆ ಉಸಿರು ಹಿಡಿದು ಸ್ಟ್ಯಾಂಡನ್ನು ಗಾಳಿಯಲ್ಲಿ ಎತ್ತುತ್ತಿದ್ದೆವು, ಒಟ್ಟಿಗೆ ಇಳಿಸುತ್ತಿದ್ದೆವು. ಸ್ವಲ್ಪ ದೂರ ಹೋಗುವುದರೊಳಗೆ ನನಗೆ ತಡೆಯಲಾಗದಷ್ಟು ನಗು ಬಂತು. ನಕ್ಕರೆ ಸ್ಕ್ರೂ ಅಲ್ಲಾಡುತ್ತದೆ. ತುಟಿ ಕಚ್ಚಿಕೊಂಡೆ. ನೋಡಿದರೆ ಅವನೂ ತುಟಿ ಕಚ್ಚಿಕೊಂಡಿದ್ದ, ಕಣ್ಣಲ್ಲಿ ನೀರು.

"ನಗಬೇಡಿ ರೀ, ದಯವಿಟ್ಟು" ಎಂದ.

"ನೀವು ಮೊದಲು ನಿಲ್ಸಿ" ಎಂದೆ.

"ನಿಮ್ಮತ್ತೆ ಯಾವಾಗ್ಲೂ ಹೀಗೇನಾ?"

"ಇವತ್ತು ಸ್ವಲ್ಪ ಕಮ್ಮಿ."

ಅಷ್ಟೇ ಮಾತು. ಆಮೇಲೆ ಭದ್ರಾವತಿ ಬರುವವರೆಗೂ ನಾವು ಒಬ್ಬರನ್ನೊಬ್ಬರು ನೋಡುವ ಧೈರ್ಯ ಮಾಡಲಿಲ್ಲ, ನೋಡಿದರೆ ನಗು ಬರುತ್ತಿತ್ತು.

ಕ್ವಾರ್ಟರ್ಸಿನ ಮುಂದೆ ವ್ಯಾನು ನಿಂತು, ಬನಾರಸಿ ಸೀರೆಯ ಹೆಂಗಸರೂ ಲ್ಯಾಪ್‌ಟಾಪಿನ ಪರದೆ ಅಪ್ಪಿಕೊಂಡ ಯಜಮಾನರೂ ಇಡ್ಲಿ ಸ್ಟ್ಯಾಂಡು ಹಿಡಿದ ಜೋಡಿಯೂ ಇಳಿದದ್ದನ್ನು ಕಂಡು ಪಕ್ಕದ ಮನೆಯ ಸೆಲ್ವಿ ಓಡಿ ಬಂದಳು. "ಅಯ್ಯೋ ಗಿರಿಜಕ್ಕಾ, ಎನ್ನಾ ಇದು? ಮದುವೆನಾ?" ಎಂದಳು.

"ಇನ್ನೂ ಇಲ್ಲ. ದಾರಿ ಬಿಡು" ಎಂದಳು ಅತ್ತೆ.

ಬೆಸುಗೆ ಕಡ್ಡಿ ಕಾಯುವವರೆಗೆ ಎಲ್ಲರೂ ಅದನ್ನೇ ನೋಡುತ್ತಾ ನಿಂತೆವು. ಮಿಕ್ಸಿಗೆಂದು ಇಟ್ಟುಕೊಂಡಿದ್ದ ದಪ್ಪ ಕಡ್ಡಿ ಅದು. ಅತ್ತೆ ಅದರ ತುದಿಯನ್ನು ಅರದಿಂದ ಉಜ್ಜಿ ಚೂಪು ಮಾಡಿದ್ದಳು. ದೊಡ್ಡಪ್ಪನ ಕೈಗೆ ಟಾರ್ಚು ಕೊಟ್ಟು, "ಇಲ್ಲಿಗೆ ಹಿಡೀರಿ, ಅಲ್ಲಾಡಬಾರ್ದು" ಎಂದಳು. ಅವರು ಮರುಮಾತಿಲ್ಲದೆ ಬಗ್ಗಿ ನಿಂತು ಹಿಡಿದರು. ರಾಳದ ಹೊಗೆ ಎದ್ದಿತು. ಹಳೆಯ ಸೀಸ ಕರಗಿ ಹೊಳೆಯಿತು. ಹೊಸದು ಅದರ ಜೊತೆ ಸೇರಿಕೊಂಡಿತು. ಅಷ್ಟು ಹೊತ್ತೂ ಗಿರಿಜತ್ತೆ ಮಾತಾಡಲಿಲ್ಲ. ನನ್ನ ಜೀವಮಾನದಲ್ಲಿ ಅವಳು ಬಾಯಿ ಮುಚ್ಚಿ ಅಷ್ಟು ಹೊತ್ತು ಇದ್ದದ್ದನ್ನು ನೋಡಿದ್ದು ಅದೊಂದೇ ಸಲ. ನಾಲಿಗೆಯ ತುದಿ ತುಟಿಯ ಮೂಲೆಯಲ್ಲಿ, ಹಣೆಯ ಮೇಲೆ ಬೆವರಿನ ಹನಿ. ಅವಳಿಗೂ ಭಯವಾಗಿತ್ತೆಂದು ನನಗೆ ಆಗ ತಿಳಿಯಿತು.

ಜೋಡಿಸುವಾಗ ಮಹೇಶ ಗುಳಿಯಿಂದ ಸ್ಕ್ರೂ ಎತ್ತಿಕೊಡುತ್ತಾ ಹೋದ, ಕೊನೆಯ ಗುಳಿಯಿಂದ ಮೊದಲ ಗುಳಿಯವರೆಗೆ ಹಿಂದು ಹಿಂದಕ್ಕೆ. ಕೊನೆಗೆ ಬ್ಯಾಟರಿ ಕೂತಿತು. ಚಾರ್ಜರ್ ಚುಚ್ಚಿದರು.

ದೀಪ ಬರಲಿಲ್ಲ.

ಮಹೇಶ ಕಣ್ಣು ಮುಚ್ಚಿಕೊಂಡ. ಅತ್ತೆ ಲ್ಯಾಪ್‌ಟಾಪನ್ನು ನೋಡಿದಳು, ಚಾರ್ಜರನ್ನು ನೋಡಿದಳು, ಆಮೇಲೆ ತಲೆಯೆತ್ತಿ ಗೋಡೆಯನ್ನು ನೋಡಿದಳು. "ಯಜಮಾನ್ರೇ, ಆ ಸ್ವಿಚ್ಚು ಸ್ವಲ್ಪ ಒತ್ತಿ."

ದೊಡ್ಡಪ್ಪ ಒತ್ತಿದರು. ಹಸಿರು ದೀಪ ಹತ್ತಿತು. ಸೆಲ್ವಿಯ ಮನೆಯವರೆಲ್ಲ ಕಿಟಕಿಯಿಂದ ಹೋ ಎಂದು ಕೂಗಿದರು. ಮಹೇಶನ ತಾಯಿ ಅಮ್ಮನನ್ನು ತಬ್ಬಿಕೊಂಡರು. ಪರದೆಯ ಮೇಲೆ ಗಾಜನೂರಿನ ಮದುಮಗಳು ಬಾಸಿಂಗದ ಅಡಿಯಿಂದ ಗಂಡನ ಕಡೆ ಕಳ್ಳನೋಟ ನೋಡುತ್ತಿದ್ದಳು. ಅತ್ತೆ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದು ನೋಡಿ, "ಎಂಥ ಚೆನ್ನಾಗಿ ಹಿಡ್ದಿದೀಯೋ!" ಎಂದಳು. ಅವನನ್ನು ಏಕವಚನದಲ್ಲಿ ಕರೆದದ್ದು ಆಗಲೇ ಮೊದಲು.

ಸಿ.ಡಿ. ತಯಾರಾಗಿ ಹೊರಬಂದಾಗ ರೈಲು ಶಿವಮೊಗ್ಗ ಬಿಟ್ಟಾಗಿತ್ತು. ಮಹೇಶ ಮದುಮಗನಿಗೆ ಫೋನು ಮಾಡಿ ಭದ್ರಾವತಿಗೇ ತರುತ್ತೇನೆಂದು ಹೇಳಿದ್ದ, ಯಾವ ಬೋಗಿ ಎಂದು ಕೇಳಲು ಮರೆತಿದ್ದ. ಈಗ ಫೋನು ಸಿಗುತ್ತಿರಲಿಲ್ಲ. ನಾವು ಸ್ಟೇಷನ್ನಿಗೆ ನುಗ್ಗಿದಾಗ ರೈಲು ಬಂದು ನಿಂತಿತ್ತು. ಮಹೇಶ ಇಂಜಿನ್ನಿನ ಕಡೆ ಓಡಿದ, ನಾನು ಹಿಂದಿನ ಕಡೆ ಓಡಿದೆ. ಗಿರಿಜತ್ತೆ ಎಲ್ಲಿಗೂ ಓಡಲಿಲ್ಲ. ಪ್ಲಾಟ್‌ಫಾರಮ್ಮಿನ ನಡುವೆ ನಿಂತು, ಮೈಕಿನ ಹಂಗಿಲ್ಲದ ದನಿಯಲ್ಲಿ ಕೂಗಿದಳು:

"ಗಾಜನೂರ್ ಮದುಮಗ ಯಾರ್ರೀ? ನಿಮ್ಮ ಮದುವೆ ಬಂದಿದೆ ತಗೊಳ್ರೀ!"

ಎಲ್ಲ ಕಿಟಕಿಗಳ ಸರಳಿಗೂ ಮುಖಗಳು ಒತ್ತಿಕೊಂಡವು. ಒಂದು ಕಿಟಕಿಯಿಂದ ಮಾತ್ರ ಹಸಿರು ಬಳೆಗಳ ಕೈಯೊಂದು ಹೊರಬಂದು ಬೀಸಿತು. ರೈಲು ಜಗ್ಗಿತು. ಮಹೇಶ ಎಲ್ಲಿಂದಲೋ ಓಡಿ ಬಂದು ಸಿ.ಡಿ.ಯನ್ನು ಆ ಕೈಗಿಟ್ಟ. ಒಳಗಿನಿಂದ ಸೈನಿಕ ಅವನಿಗೊಂದು ಸೆಲ್ಯೂಟು ಹೊಡೆದ. ಮಹೇಶ ಏನು ಮಾಡಬೇಕೆಂದು ತಿಳಿಯದೆ ತಾನೂ ಹೊಡೆದ. ಗಿರಿಜತ್ತೆಯೂ ಹೊಡೆದಳು.

ರೈಲು ಹೋದ ಮೇಲೆ ಏದುಸಿರು ಬಿಡುತ್ತಾ ಎಲ್ಲರೂ ಕಲ್ಲು ಬೆಂಚಿನ ಮೇಲೆ ಕೂತೆವು. ದೊಡ್ಡಪ್ಪ ಮಸಿ ಹಿಡಿದಿದ್ದ ಜುಬ್ಬಾ ಕೊಡವಿಕೊಂಡು, ಆಗ ನೆನಪಾದವರಂತೆ, "ಅಲ್ಲ, ಬಂದ ಕೆಲಸದ್ದು ಏನಾಯ್ತು? ಹುಡುಗ ಹುಡುಗೀನ ಒಂದು ಮಾತು ಕೇಳ್ಬೇಡ್ವಾ?" ಎಂದರು.

"ಶಿವಮೊಗ್ಗದಿಂದ ಇಲ್ಲೀವರೆಗೆ ಇಬ್ರೂ ಸೇರಿ ಇಡ್ಲಿ ತಟ್ಟೆ ಹಿಡ್ಕೊಂಡು ಬಂದ್ರು. ಒಂದು ಸ್ಕ್ರೂ ಜಾಗ ಬಿಟ್ಟಿಲ್ಲ" ಎಂದಳು ಗಿರಿಜತ್ತೆ. "ಇನ್ನೇನ್ ಕೇಳೋದು?"

ನಾನು ನೆಲ ನೋಡುತ್ತಿದ್ದೆ. ಮಹೇಶ ನನ್ನನ್ನು ನೋಡುತ್ತಿದ್ದನಂತೆ. ಹಾಗೆಂದು ಅತ್ತೆ ಆಮೇಲೆ ಸಿಕ್ಕ ಸಿಕ್ಕವರಿಗೆಲ್ಲ ಹೇಳಿದಳು.

ನಮ್ಮ ಮದುವೆಯಾಗಿ ಮೂರ್ನಾಲ್ಕು ವರ್ಷಕ್ಕೆ ಅವಳ ಕಿವಿ ಮಂದವಾಯಿತು. ಡಾಕ್ಟರು ಕಿವಿಗೆ ಹಾಕಿಕೊಳ್ಳುವ ಪುಟ್ಟ ಯಂತ್ರ ಬರೆದುಕೊಟ್ಟರು. ನಾನು ಗರ್ಭಿಣಿಯೆಂದು ಗೊತ್ತಾದ ದಿನ ಅಮ್ಮನಿಗೂ ಹೇಳದೆ ಭದ್ರಾವತಿಯ ಬಸ್ಸು ಹತ್ತಿದೆ. ಮೊದಲು ಅವಳಿಗೇ ಹೇಳಬೇಕೆಂದು ನನಗೆ ಹಟವಿತ್ತು. ಹೋಗಿ ನೋಡಿದರೆ ಅತ್ತೆ ಜಗಲಿಯ ಮೇಲೆ ಕಾಲು ಚಾಚಿ ಕೂತು, ಕಿವಿಯ ಯಂತ್ರವನ್ನು ಚೂರು ಚೂರು ಮಾಡಿ ಒಂದು ಬಟ್ಟಲಲ್ಲಿ ಹರವಿಕೊಂಡಿದ್ದಳು.

"ಬಾರೇ! ಇದ್ರೊಳಗೆ ಗುಯ್ ಅಂತಿತ್ತು, ನೋಡೋಣ ಅಂತ ಬಿಚ್ದೆ."

"ಅತ್ತೆ, ನಾನು ಬಸುರಿ" ಎಂದೆ.

"ಹೌದು, ಬಸ್ಸಲ್ಲಿ ರಶ್ಶು ಇರುತ್ತೆ ಈ ಹೊತ್ತಲ್ಲಿ" ಎಂದಳು.

ಜೋರಾಗಿ ಹೇಳಿದೆ. ಇನ್ನೂ ಜೋರಾಗಿ ಹೇಳಿದೆ. ಸೆಲ್ವಿ ಓಡಿ ಬಂದು ನನ್ನನ್ನು ಅಪ್ಪಿಕೊಂಡಳು. ಆಚೆ ಮನೆಯವರು, ಎದುರು ಮನೆಯವರು ಬಂದರು. ಸೆಲ್ವಿ ಸಕ್ಕರೆ ಡಬ್ಬ ತಂದು ಎಲ್ಲರ ಬಾಯಿಗೂ ಹಾಕಿದಳು, ಅತ್ತೆಯ ಬಾಯಿಗೂ ಹಾಕಿದಳು. ಅತ್ತೆ ಚಪ್ಪರಿಸುತ್ತಾ, "ಏನು, ಫ್ಯಾಕ್ಟ್ರೀಲಿ ಬೋನಸ್ ಕೊಟ್ರಾ?" ಎಂದು ಕೇಳಿದಳು. ಇಡೀ ಸಾಲಿಗೆ ಗೊತ್ತಾಗಿದ್ದ ಸುದ್ದಿ ಅವಳೊಬ್ಬಳಿಗೆ ಗೊತ್ತಿರಲಿಲ್ಲ. ನಾವು ನಕ್ಕು ನಕ್ಕು ಜಗಲಿಯ ಮೇಲೆ ಒರಗಿದೆವು. ಸನ್ನೆ ಮಾಡಲು ಹೋದ ಸೆಲ್ವಿಯ ಕೈ ಹಿಡಿದು ಅತ್ತೆ, "ಏನೋ ಒಳ್ಳೇದೇ ಇರ್ಬೇಕು. ಸನ್ನೆಗಿನ್ನೆ ಬೇಡ. ಇದು ಸರಿಯಾಗ್ಲಿ, ಕಿವೀಲೇ ಕೇಳ್ತೀನಿ" ಎಂದಳು.

ಎಲ್ಲರೂ ಸುತ್ತ ಕೂತು ಕಾದೆವು. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಅವಳು ಒಂದೊಂದೇ ಚೂರನ್ನು ಜಾಗಕ್ಕೆ ಕೂರಿಸಿದಳು. ಮುಗಿದ ಮೇಲೆ ಕಿವಿಗೆ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, "ಈಗ ಹೇಳು. ಕೂಗ್ಬೇಡ, ಮೆಲ್ಲಗೆ" ಎಂದಳು.

ಆ ವರ್ಷ ಶ್ರಾವಣ ಬರುವ ಮೊದಲೇ ಒಂದು ಮುಂಜಾನೆ ಅವಳು ನಿದ್ದೆಯಲ್ಲೇ ಹೋದಳು. ಪ್ರಯಾಣ ಮಾಡಬಾರದೆಂದು ಡಾಕ್ಟರು ನನ್ನನ್ನು ಮಲಗಿಸಿದ್ದರು, ಮಹೇಶ ಹೋಗಿ ಬಂದರು. ಹಾಗಾಗಿ ನನಗೆ ಅವಳ ಕೊನೆಯ ಮುಖವೆಂದರೆ ಆ ಜಗಲಿಯ ಮೇಲೆ ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದ ಮುಖವೇ.

ಆ ದಿನ ನಾನು ಅವಳ ಕಿವಿಯ ಹತ್ತಿರ ಬಾಗಿ, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ ಹೇಳಿದೆ.

ಅವಳು ಅಲುಗಾಡಲಿಲ್ಲ. ಕಣ್ಣೂ ತೆರೆಯಲಿಲ್ಲ. "ಇನ್ನೊಂದ್ಸಲ ಹೇಳು" ಎಂದಳು.

ಯಂತ್ರ ಸರಿಹೋಗಿಲ್ಲವೆಂದುಕೊಂಡು ನಾನು ದನಿ ಏರಿಸಲು ಬಾಯಿ ತೆರೆದೆ. ಅವಳು ನನ್ನ ತುಟಿಯ ಮೇಲೆ ಬೆರಳಿಟ್ಟಳು.

"ಕೇಳಿಸ್ಲಿಲ್ಲ ಅಂತಲ್ಲ ಮಾರಾಯ್ತಿ. ಇನ್ನೊಂದ್ಸಲ ಹೇಳು."